ಗಿಂಪಿ-ಗಿಂಪಿ ಗಿಡ ತಾಕಿದ ನೋವು ತಿಂಗಳುಗಟ್ಟಲೆ ಉಳಿಯುವುದೇಕೆ?

ಪ್ರಶ್ನೆ (ಹಸಿರೆಲೆ):
ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ಮಳೆಕಾಡುಗಳಲ್ಲಿ ಬೆಳೆಯುವ ಗಿಂಪಿ-ಗಿಂಪಿ, ಅಂದರೆ ಡೆಂಡ್ರೊಕ್ನೈಡ್ ಮೊರಾಯ್ಡಿಸ್, ಅರ್ಟಿಕೇಸೀ ಕುಟುಂಬಕ್ಕೆ ಸೇರಿದ ಗಿಡ. ಇದೇ ಕುಟುಂಬದ ಸಾಮಾನ್ಯ ನೆಟಲ್ ತಾಕಿದರೆ ಹುಟ್ಟುವ ಉರಿ ಹೆಚ್ಚೆಂದರೆ ಒಂದು ದಿನದೊಳಗೆ ಇಳಿಯುತ್ತದೆ. ಗಿಂಪಿ-ಗಿಂಪಿ ತಾಕಿದವರಿಗಾದರೋ ವಾರಗಳು, ಕೆಲವೊಮ್ಮೆ ತಿಂಗಳುಗಳು ಕಳೆದ ಮೇಲೂ ನೋವು ಮರುಕಳಿಸುತ್ತದೆ ಎಂದು ಓದಿದೆ. ರೋಮಗಳು ಚರ್ಮದೊಳಗೆ ಉಳಿಯುವುದೇ ಇದಕ್ಕೆ ಕಾರಣವೆಂದು ಕೆಲವರು ಬರೆಯುತ್ತಾರೆ, ವಿಷದ ಸ್ವಭಾವವೇ ಬೇರೆ ಎಂದು ಇನ್ನು ಕೆಲವರು. ಇವುಗಳಲ್ಲಿ ಯಾವುದು ಸರಿ? ಆ ಕಾಡುಗಳಲ್ಲಿ ನಡೆಯಲು ಹೋಗುವವರು ಗಿಡವನ್ನು ಗುರುತಿಸುವುದು ಹೇಗೆ, ತಾಕಿದರೆ ಏನು ಮಾಡಬೇಕು ಎಂಬುದನ್ನೂ ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ (ಬೇರುಬಿಳಲು):
ರೋಮಗಳ ಪಾತ್ರ ಖಂಡಿತವಾಗಿಯೂ ಇದೆ. ಎಲೆ, ಕಾಂಡ, ಹಣ್ಣಿನ ತೊಟ್ಟು ಎಲ್ಲವನ್ನೂ ಮುಚ್ಚಿರುವ ಈ ಸೂಕ್ಷ್ಮ ರೋಮಗಳು ಟೊಳ್ಳಾಗಿದ್ದು, ಅವುಗಳ ಗೋಡೆ ಸಿಲಿಕಾದಿಂದ ಗಟ್ಟಿಯಾಗಿರುತ್ತದೆ. ತಾಕಿದೊಡನೆ ತುದಿ ಮುರಿದು, ಇಂಜೆಕ್ಷನ್ ಸೂಜಿಯಂತೆ ಒಳಗಿನ ದ್ರವ ಚರ್ಮಕ್ಕೆ ಇಳಿಯುತ್ತದೆ. ಸಿಲಿಕಾ ದೇಹದಲ್ಲಿ ಸುಲಭವಾಗಿ ಕರಗುವುದಿಲ್ಲವಾದ್ದರಿಂದ ಮುರಿದ ತುಂಡುಗಳು ಅಲ್ಲಿಯೇ ಉಳಿದುಬಿಡುತ್ತವೆ. ಉದುರಿದ ಒಣ ಎಲೆಯೂ, ಸಸ್ಯಸಂಗ್ರಹಾಲಯಗಳಲ್ಲಿ ದಶಕಗಳ ಹಿಂದೆ ಒಣಗಿಸಿಟ್ಟ ಮಾದರಿಗಳೂ ನೋವು ಕೊಡಬಲ್ಲವು.

ಉತ್ತರ (ನರಜಾಲ):
ಬೇರುಬಿಳಲು ಅವರು ಹೇಳಿದ್ದು ನಿಜ, ಆದರೆ ಅದು ಅರ್ಧ ಉತ್ತರ. ಒಳಗುಳಿದ ರೋಮ ಕೇವಲ ಮುಳ್ಳಿನಂತಿದ್ದರೆ ತಣ್ಣೀರು ಬಿದ್ದಾಗ ನೋವು ಮತ್ತೆ ಭುಗಿಲೇಳುವುದನ್ನು ವಿವರಿಸಲಾಗದು.

ಮೊರಾಯ್ಡಿನ್ ಎಂಬ ಸಣ್ಣ ಉಂಗುರಾಕಾರದ ಪೆಪ್ಟೈಡ್ (ಅಮೈನೋ ಆಮ್ಲಗಳ ಕಿರುಸರಪಳಿ) ಈ ನೋವಿಗೆ ಕಾರಣವೆಂದು ಬಹುಕಾಲ ನಂಬಲಾಗಿತ್ತು. ಆದರೆ ಅದರಿಂದ ಇಷ್ಟು ತೀವ್ರವೂ ದೀರ್ಘವೂ ಆದ ನೋವನ್ನು ವಿವರಿಸಲು ಆಗುತ್ತಿರಲಿಲ್ಲ. 2020ರಲ್ಲಿ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದ ಐರಿನಾ ವೆಟ್ಟರ್ ಮತ್ತು ಸಂಗಡಿಗರು ಗಿಂಪಿ-ಗಿಂಪಿಯಿಂದಲೂ, ಅದರ ದಾಯಾದಿಯಾದ ಡೆಂಡ್ರೊಕ್ನೈಡ್ ಎಕ್ಸೆಲ್ಸಾ ಎಂಬ ಹೆಮ್ಮರದಿಂದಲೂ ಹೊಸ ಬಗೆಯ ಪೆಪ್ಟೈಡುಗಳನ್ನು ಬೇರ್ಪಡಿಸಿ, ಅವಕ್ಕೆ ಗಿಂಪಿಟೈಡ್ ಎಂದು ಹೆಸರಿಟ್ಟರು. ಸುಮಾರು 36 ಅಮೈನೋ ಆಮ್ಲಗಳ ಈ ಪೆಪ್ಟೈಡುಗಳು ಗಂಟು ಹಾಕಿದಂತೆ ಮಡಚಿಕೊಂಡಿದ್ದು, ಆಕಾರದಲ್ಲಿ ಜೇಡಗಳ ಮತ್ತು ಶಂಕುಬಸವನ ಹುಳುಗಳ ವಿಷವನ್ನು ಹೋಲುತ್ತವೆ. ಗಿಡವೊಂದು ಪ್ರಾಣಿಗಳ ವಿಷದ ರಚನೆಯನ್ನೇ ಸ್ವತಂತ್ರವಾಗಿ ರೂಪಿಸಿಕೊಂಡಿರುವುದು, ನನ್ನ ದೃಷ್ಟಿಯಲ್ಲಿ, ಈ ಇಡೀ ವಿಷಯದ ಅತ್ಯಂತ ಬೆರಗಿನ ಸಂಗತಿ.

ನೋವಿನ ಸಂದೇಶ ಒಯ್ಯುವ ನರಕೋಶಗಳಲ್ಲಿ ಸೋಡಿಯಂ ನಾಳಗಳಿವೆ, ಅಂದರೆ ಸೋಡಿಯಂ ಅಯಾನುಗಳನ್ನು ಒಳಬಿಟ್ಟು ಸಂದೇಶ ಹುಟ್ಟಿಸುವ ಪುಟ್ಟ ಬಾಗಿಲುಗಳು. ಅವು ಕ್ಷಣಮಾತ್ರ ತೆರೆದು ತಾವಾಗಿಯೇ ಮುಚ್ಚಿಕೊಳ್ಳಬೇಕು. ಗಿಂಪಿಟೈಡ್ ಆ ಮುಚ್ಚುವಿಕೆಯನ್ನೇ ತಡೆಯುವುದರಿಂದ ನರಕೋಶ ಸಣ್ಣ ಪ್ರಚೋದನೆಗೂ ಮತ್ತೆ ಮತ್ತೆ ಸಂದೇಶ ಕಳುಹಿಸುತ್ತದೆ, ಮತ್ತು ಈ ಪರಿಣಾಮ ಬೇಗನೆ ಅಳಿಯುವುದಿಲ್ಲ. ಈ ಕೆಲಸಕ್ಕೆ ನರಕೋಶದಲ್ಲಿ ಟಿಎಂಇಎಂ 233 ಎಂಬ ಇನ್ನೊಂದು ಪ್ರೋಟೀನು ಇರಲೇಬೇಕೆಂದು 2023ರಲ್ಲಿ ತಿಳಿದುಬಂತು. ಅದುವರೆಗೆ ಆ ಪ್ರೋಟೀನಿಗೂ ನೋವಿಗೂ ಸಂಬಂಧವಿದೆಯೆಂದು ಯಾರಿಗೂ ಗೊತ್ತಿರಲಿಲ್ಲ. ಆದ್ದರಿಂದ ನೋವು ನಿವಾರಕಗಳನ್ನು ಹುಡುಕುವವರು ಈಗ ಈ ಗಿಡದತ್ತ ಗಂಭೀರವಾಗಿ ನೋಡುತ್ತಿದ್ದಾರೆ.

ಉತ್ತರ (ಕಾಡುದಾರಿ):
ಗುರುತಿಸುವ ಬಗ್ಗೆ: ಗಿಂಪಿ-ಗಿಂಪಿ ಸಾಮಾನ್ಯವಾಗಿ ಆಳೆತ್ತರದ ಪೊದೆ. ಎಲೆಗಳು ಅಗಲವಾಗಿ, ಹೃದಯದ ಆಕಾರದಲ್ಲಿದ್ದು, ಅಂಚಿನಲ್ಲಿ ಗರಗಸದ ಹಲ್ಲುಗಳಿರುತ್ತವೆ. ಹಣ್ಣು ಹಿಪ್ಪುನೇರಳೆಯಂತೆ ಕೆನ್ನೇರಳೆ ಬಣ್ಣದ್ದು. ದೂರದಿಂದ ಮೃದುವಾದ ನಯವಿರುವಂತೆ ಕಾಣುವ ಎಲೆ ಕೈಚಾಚುವಂತೆ ಮಾಡುತ್ತದೆ. ಎಚ್ಚರ ಬೇಕಾಗಿರುವುದು ಅಲ್ಲಿಯೇ. ಮರ ಬಿದ್ದು ಬಿಸಿಲು ಇಳಿದ ಜಾಗ, ತೊರೆಯ ದಡ, ಕಾಲುದಾರಿಯ ಅಂಚು ಇವು ಅದರ ನೆಲೆಗಳು.

ತಾಕಿದರೆ ಉಜ್ಜಲೇಬಾರದು, ಏಕೆಂದರೆ ಉಜ್ಜಿದಷ್ಟೂ ರೋಮಗಳು ಮುರಿದು ಆಳಕ್ಕಿಳಿಯುತ್ತವೆ. ಕೂದಲು ತೆಗೆಯುವ ಮೇಣದ ಪಟ್ಟಿಯನ್ನು ಅಂಟಿಸಿ ಕೀಳುವುದು ಸಾಮಾನ್ಯವಾಗಿ ಕೊಡುವ ಸಲಹೆ. ಅದು ಹೊರಗೆ ಉಳಿದ ರೋಮಗಳನ್ನು ತೆಗೆಯುತ್ತದೆಯೇ ಹೊರತು ಒಳಗಿಳಿದ ವಿಷವನ್ನಲ್ಲ. ನೋವು ತೀವ್ರವಾಗಿದ್ದರೆ, ಉಸಿರಾಟಕ್ಕೆ ತೊಂದರೆಯಾದರೆ ಅಥವಾ ಕಣ್ಣಿಗೆ ತಾಕಿದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಅದೇ ಕಾಡಿನಲ್ಲಿ ಸಿಗುವ ಕುಂಜೆವಾಯ್ ಎಂಬ ಕೆಸುವಿನ ಜಾತಿಯ ಗಿಡದ ರಸ ಹಚ್ಚಬೇಕೆಂಬ ಹಳೆಯ ಸಲಹೆಯನ್ನು ದಯವಿಟ್ಟು ಅನುಸರಿಸಬೇಡಿ. ಆ ರಸವೇ ಚರ್ಮವನ್ನೂ ಕಣ್ಣನ್ನೂ ಕೆರಳಿಸುತ್ತದೆ.

ಮರುಪ್ರಶ್ನೆ (ಹಸಿರೆಲೆ):
ಎಲ್ಲರಿಗೂ ಕೃತಜ್ಞತೆಗಳು. ಇಷ್ಟು ಅಪಾಯಕಾರಿಯಾದ ಗಿಡವನ್ನು ನಡೆದಾಡುವ ಪ್ರದೇಶಗಳಿಂದ ಪೂರ್ತಿಯಾಗಿ ತೆಗೆದುಹಾಕಬಾರದೇಕೆ?

ಉತ್ತರ (ಕಾಡುದಾರಿ):
ಕಾಲುದಾರಿಯ ಮೇಲೆ ಚಾಚಿದ್ದನ್ನು ಸುರಕ್ಷಿತವಾಗಿ ತೆಗೆಯುವುದಕ್ಕೆ ನನ್ನ ಆಕ್ಷೇಪವಿಲ್ಲ, ಕಾಡಿನಿಂದಲೇ ತೆಗೆಯುವುದಕ್ಕೆ ಇದೆ. ತೆರವಾದ ಜಾಗಕ್ಕೆ ಮೊದಲು ಬರುವ ಗಿಡಗಳಲ್ಲಿ ಇದೂ ಒಂದು. ನೆರಳು ಮುಚ್ಚಿಕೊಂಡಂತೆ ಬೇರೆ ಮರಗಳಿಗೆ ಎಡೆಕೊಟ್ಟು ತಾನಾಗಿಯೇ ಹಿಂಜರಿಯುತ್ತದೆ. ಅದರ ಹಣ್ಣನ್ನು ಹಕ್ಕಿಗಳು ತಿನ್ನುತ್ತವೆ, ಎಲೆಯನ್ನು ಕೀಟಗಳು ಮೇಯುತ್ತವೆ. 1990ರ ದಶಕದಲ್ಲಿ ಅಥರ್ಟನ್ ಪ್ರಸ್ಥಭೂಮಿಯಲ್ಲಿ ಇದನ್ನು ಅಧ್ಯಯನ ಮಾಡಿದ ಮರೀನಾ ಹರ್ಲಿ, ಗಾಳಿಯಲ್ಲಿ ತೇಲುವ ರೋಮಗಳಿಂದ ಸೀನು ಬರುತ್ತಿದ್ದುದರಿಂದ ಮುಖಕವಚ ಧರಿಸಿ, ದಪ್ಪ ಕೈಗವಸು ತೊಟ್ಟು ಕೆಲಸ ಮಾಡಬೇಕಾಯಿತು. ಅಂಥ ಎಲೆಗಳನ್ನೇ ಕೆಂಪುಕಾಲಿನ ಪ್ಯಾಡೆಮೆಲನ್ ಎಂಬ ಪುಟ್ಟ ಕಾಂಗರೂ ಜಾತಿಯ ಪ್ರಾಣಿ ಮೇಯುತ್ತದೆ. ಗಿಡವನ್ನು ಇಲ್ಲವಾಗಿಸಿದರೆ ಅವೆಲ್ಲದರ ಮೇವೂ ಹೋಗುತ್ತದೆ.