ನಾಟಕಕ್ಕೊಂದು ತಾರೀಕು ಬೇಕಾಗಿದೆ

ಎಲ್ಲದಕ್ಕೂ ಕಾರಣ ಪೋಸ್ಟ್ ಆಫೀಸಿನ ಅಕ್ಕನ ಮಗಳು. ಅವಳಿರುವುದು ಅಮೆರಿಕದ ಒಂದು ಸಣ್ಣ ಊರಿನಲ್ಲಿ. ಅಲ್ಲಿನ ಹವ್ಯಾಸಿ ನಾಟಕ ತಂಡದ ಕರಪತ್ರದ ಫೋಟೊ ತೆಗೆದು ಅಮ್ಮನಿಗೆ ಕಳಿಸಿದ್ದಳು. ಅಕ್ಕ ಫೋನನ್ನು ಕೊಡಗಿನ ಮೂರ್ನಾಡಿನ ಕ್ಯಾಂಟೀನಿನಲ್ಲಿ ನಮ್ಮೆಲ್ಲರ ಮೂಗಿನ ಮುಂದೆ ಹಿಡಿದರು.

"ನೋಡಿ, ಮುಂದಿನ ವರ್ಷ ಮೇ ತಿಂಗಳಲ್ಲಿ ಯಾವ ನಾಟಕ ಅಂತ ಈಗಲೇ ಅಚ್ಚು ಹಾಕಿಸಿದ್ದಾರೆ. ಎರಡು ಮಾತಿನ ನಾಟಕ, ಎರಡು ಹಾಡಿನ ನಾಟಕ. ಶುಕ್ರವಾರ, ಶನಿವಾರ ರಾತ್ರಿ, ಭಾನುವಾರ ಮಧ್ಯಾಹ್ನ. ಇಡೀ ವರ್ಷದ್ದಕ್ಕೆ ಒಂದೇ ಟಿಕೆಟ್ ತಗೊಳ್ಳಬಹುದಂತೆ."

"ನಟರು ಯಾರು?" ಅಂತ ಮೇಷ್ಟ್ರು ಕೇಳಿದರು.

"ಊರಿನವರೇ. ಹಲ್ಲಿನ ಡಾಕ್ಟರು, ಬ್ಯಾಂಕಿನವರು, ಟೀಚರು. ಯಾರಿಗೂ ಸಂಬಳ ಇಲ್ಲ. ಬಟ್ಟೆ ಹೊಲಿಯುವವರು, ಪರದೆ ಎಳೆಯುವವರು, ಎಲ್ಲರೂ ಸುಮ್ನೆ ಬಂದು ಕೆಲಸ ಮಾಡ್ತಾರಂತೆ."

ಕಾಫಿ ಎಸ್ಟೇಟಿನ ಗುಮಾಸ್ತ ರೈಟ್ರು ಕಾಫಿ ಲೋಟ ಕೆಳಗಿಟ್ಟರು. "ಸಂಬಳ ಇಲ್ಲದೆ ಕೆಲಸ ಮಾಡುವವರು ಅಷ್ಟು ಜನ ಇದ್ದಾರಾ? ಒಂದು ಲೋಡ್ ಇಲ್ಲಿಗೆ ಕಳಿಸೋಕೆ ಹೇಳಿ ಅಕ್ಕ. ಹಣ್ಣು ಕೊಯ್ಯೋಕೆ ಜನ ಇಲ್ಲ."

ಮೇಷ್ಟ್ರಿಗೆ ಇದ್ಯಾವುದೂ ಕೇಳಿಸಲಿಲ್ಲ. ಅವರು ರಿಟೈರ್ ಆಗಿದ್ದು ಶಾಲೆಯಿಂದ ಮಾತ್ರ, ನಿರ್ದೇಶನದಿಂದ ಅಲ್ಲ. "ನಾವೂ ಸೀಸನ್ ಮಾಡೋಣ. ವರ್ಷಕ್ಕೆ ನಾಲ್ಕು ನಾಟಕ. ತಾರೀಕು ಈಗಲೇ ಗುರುತು ಹಾಕಿ ಕರಪತ್ರ ಹೊಡೆಸಿಬಿಡೋಣ." ರೈಟ್ರು ಕೂಲಿಯವರ ಹಾಜರಿ ಬರೆಯುವ ಹಳೆಯ ಚೆಕ್‌ರೋಲ್ ಪುಸ್ತಕ ಎಳೆದುಕೊಂಡು, ಕೊನೆಯ ಖಾಲಿ ಹಾಳೆಯಲ್ಲಿ ಜನವರಿ ಅಂತ ಬರೆದೇಬಿಟ್ಟರು.

"ಜನವರಿ ಆಗಲ್ಲ," ಅಂದರು ರೈಟ್ರು. "ರೊಬಸ್ಟಾ ಕಾಫಿ ಕೊಯ್ಲು ಶುರು."

"ಹಾಗಾದರೆ ಫೆಬ್ರವರಿ."

"ರೊಬಸ್ಟಾ ಮುಗಿದಿರಲ್ಲ. ಮೇಲೆ ಕರಿಮೆಣಸು ಬೇರೆ. ಏಣಿ ಹತ್ತಿದವರನ್ನು ರಿಹರ್ಸಲ್‌ಗೆ ಇಳಿಸ್ತೀರಾ?"

"ಮಾರ್ಚ್! ಮಾರ್ಚ್ 27 ವಿಶ್ವ ರಂಗಭೂಮಿ ದಿನ. 1962ರಿಂದ ಪ್ರಪಂಚವೇ ಆಚರಿಸ್ತಾ ಇದೆ."

"ಪ್ರಪಂಚದಲ್ಲಿ ಕಾಫಿ ತೋಟ ಇಲ್ಲ ಮೇಷ್ಟ್ರೇ. ಮಾರ್ಚಿನಲ್ಲಿ ನಾವು ಕಾಫಿ ಹೂ ಅರಳಿಸುವ ಹೂಮಳೆ ಕಾಯಬೇಕು. ಬರದಿದ್ದರೆ ಸ್ಪ್ರಿಂಕ್ಲರ್ ಎಳೀಬೇಕು. ಬಂದರೆ ಕಾಯಿ ಕಟ್ಟಿಸುವ ಬ್ಯಾಕಿಂಗ್ ಮಳೆ ಕಾಯಬೇಕು. ಎಷ್ಟು ಸೆಂಟ್ ಮಳೆ ಬಿತ್ತು ಅಂತ ಬೆಳಗ್ಗೆ ಎದ್ದು ಇಡೀ ಜಿಲ್ಲೆಗೆ ಫೋನ್ ಮಾಡಬೇಕು. ಆ ತಿಂಗಳು ನಮ್ಮ ಬಾಯಲ್ಲಿ ಬೇರೆ ಡೈಲಾಗ್ ಬರಲ್ಲ."

ರೈಟ್ರು ಹೇಳಿದ್ದು ನೂರಕ್ಕೆ ನೂರು ನಿಜ. ಇಲ್ಲಿ ಮಾರ್ಚಿನಲ್ಲಿ ಎದುರಿಗೆ ಸಿಕ್ಕವರು ಹೇಗಿದ್ದೀರಿ ಅಂತ ಕೇಳುವುದಿಲ್ಲ, ನಿಮ್ಮಲ್ಲಿ ಎಷ್ಟಾಯ್ತು ಅಂತ ಕೇಳುತ್ತಾರೆ.

ಏಪ್ರಿಲ್, ಮೇ ತಿಂಗಳನ್ನು ಸುಬೇದಾರ್ ಮಾವ ಒಂದೇ ಏಟಿಗೆ ತೆಗೆದುಹಾಕಿದರು. "ಹಾಕಿ ನಮ್ಮೆ." ಅಷ್ಟೇ ಮಾತು. ಕೊಡವ ಕುಟುಂಬಗಳ ನಡುವೆ ನಡೆಯುವ ಹಾಕಿ ಹಬ್ಬ ಅದು. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟುಂಬ ಶುರು ಮಾಡಿದ್ದು, 2024ರಲ್ಲಿ ನಾಪೋಕ್ಲಿನಲ್ಲಿ ಕುಂಡ್ಯೋಳಂಡ ಕುಟುಂಬ ನಡೆಸುವ ಹೊತ್ತಿಗೆ 360 ತಂಡ. ನಮ್ಮ ನಾಟಕದ ನಾಯಕ, ಖಳನಾಯಕ, ವಿದೂಷಕ ಮೂವರೂ ಮೂರು ತಂಡದಲ್ಲಿ ಆಡುತ್ತಿರುತ್ತಾರೆ. ಉಳಿದವರು ಗ್ಯಾಲರಿಯಲ್ಲಿ. ಅದೂ ತಪ್ಪಿದರೆ ಮದುವೆ. "ಮೇನಲ್ಲಿ ನನ್ನ ಒಂದು ಸ್ಪೀಕರ್ ಬಾಕ್ಸೂ ಸಿಗಲ್ಲ," ಅಂತ ಮೈಕ್‌ಸೆಟ್ ತಮ್ಮ ಮೊದಲೇ ಕೈ ಎತ್ತಿದ. "ಕೊಡವ ಸಮಾಜದ ಹಾಲ್‌ಗಳೂ ಅಷ್ಟೇ. ಹುಡುಗಿ ನೋಡೋಕೆ ಮುಂಚೆ ಹಾಲ್ ನೋಡಿ ಬುಕ್ ಮಾಡ್ತಾರೆ."

"ಅಕ್ಟೋಬರ್?" ಅಂದರು ಮೇಷ್ಟ್ರು. ದನಿ ಸ್ವಲ್ಪ ಇಳಿದಿತ್ತು.

ಯಾರೂ ಉತ್ತರ ಕೊಡುವ ಗೋಜಿಗೇ ಹೋಗಲಿಲ್ಲ. ಮಡಿಕೇರಿ ದಸರಾದ ಎದುರು ನಾಟಕ ಹಾಕುವುದೆಂದರೆ ಜಲಪಾತದ ಪಕ್ಕ ನಲ್ಲಿ ಬಿಟ್ಟುಕೊಂಡು ಜನರನ್ನು ಕರೆದ ಹಾಗೆ. ನನ್ನನ್ನು ಕೇಳಿದರೆ, ಕೊಡಗಿನ ಅತಿ ದೊಡ್ಡ ರಂಗಭೂಮಿ ದಸರಾ ಮೆರವಣಿಗೆಯ ಆ ಹತ್ತು ಮಂಟಪಗಳೇ. ಒಂದೊಂದರಲ್ಲೂ ಒಂದು ಪುರಾಣದ ಕಥೆ. ಟ್ರಾಕ್ಟರಿನ ಮೇಲೆ ಎದ್ದು ಕೂರುವ ದೇವಿ, ತಲೆ ತಿರುಗಿಸುವ ರಾಕ್ಷಸ, ಹೊಗೆ, ಬಣ್ಣದ ಬೆಳಕು, ಪಕ್ಕೆಲುಬು ನಡುಗಿಸುವ ಸೌಂಡು. ವಿಜಯದಶಮಿ ರಾತ್ರಿ ಜನ ಚಳಿಯಲ್ಲಿ ಬೆಳಗಿನವರೆಗೆ ನಿಂತೇ ನೋಡುತ್ತಾರೆ. ಕಥೆ ಏನಾಗುತ್ತದೆ ಅಂತ ಎಲ್ಲರಿಗೂ ಗೊತ್ತು. ರಾಕ್ಷಸ ಸಾಯುತ್ತಾನೆ. ಕಳೆದ ವರ್ಷವೂ ಸತ್ತಿದ್ದ. ಆದರೂ ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡು, ಯಾವ ಮಂಟಪಕ್ಕೆ ಮೊದಲ ಬಹುಮಾನ ಅಂತ ಜಗಳ ಆಡುತ್ತಾ ನಿಂತಿರುತ್ತಾರೆ. ಅದೇ ಜನರನ್ನು ನಮ್ಮ ನಾಟಕಕ್ಕೆ ಕರೆದು, ಕುರ್ಚಿ ಕೊಟ್ಟು, ಎರಡು ಗಂಟೆ ಕೂರಿ ಅಂದರೆ ವಾಚ್ ನೋಡುತ್ತಾರೆ. ಹಾಗಾಗಿ ಕೊಡಗಿನಲ್ಲಿ ಪ್ರೇಕ್ಷಕರಿಲ್ಲ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಇದ್ದಾರೆ. ಬಹಳ ಇದ್ದಾರೆ. ಅವರಿಗೆ ಬಿಡುವಿರುವ ದಿನ ನಮಗೆ ಸಿಗುತ್ತಿಲ್ಲ, ಅಷ್ಟೇ.

"ದಸರಾ ಬೇಡ, ತುಲಾ ಸಂಕ್ರಮಣ ಇಟ್ಟುಕೊಳ್ಳೋಣ," ಅಂದರು ಮೇಷ್ಟ್ರು. "ಅಪ್ಪಚ್ಚ ಕವಿಗಳ ಕಾವೇರಿ ನಾಟಕ ಹಾಕೋಣ. ಆ ದಿನಕ್ಕೆ ಅದಕ್ಕಿಂತ ಬೇರೆ ನಾಟಕ ಬೇಕಾ?"

ಇಲ್ಲಿಂದ ಮೇಷ್ಟ್ರನ್ನು ಹಿಡಿಯುವವರೇ ಇರಲಿಲ್ಲ. ಹರದಾಸ ಅಪ್ಪಚ್ಚ ಕವಿ ಹುಟ್ಟಿದ್ದು 1868ರಲ್ಲಿ. ಕೊಡವ ತಕ್ಕ್‌ನಲ್ಲಿ, ಅಂದರೆ ಕೊಡವ ಭಾಷೆಯಲ್ಲಿ, ನಾಲ್ಕು ನಾಟಕ ಬರೆದರು. ಯಯಾತಿ, ಸಾವಿತ್ರಿ, ಸುಬ್ರಹ್ಮಣ್ಯ, ಕಾವೇರಿ. ಮೊದಲನೆಯದು ಬಂದದ್ದು 1906ರಲ್ಲಿ. "ನಾಟಕದ ತುಂಬ ಹಾಡು, ಗೊತ್ತಾಯ್ತಾ? ಅಕ್ಕನ ಮಗಳು ಕಳಿಸಿದ್ದಾಳಲ್ಲ, ಮ್ಯೂಸಿಕಲ್ ಅಂತ, ಅದು ನಮಗೆ ಹೊಸದಾ? ಕಂಪನಿ ನಾಟಕದಲ್ಲಿ ಸಾಯುವ ರಾಜನೂ ಹಾಡಿ ಸಾಯ್ತಿದ್ದ. ಜನ ಒನ್ಸ್ ಮೋರ್ ಅಂದರೆ ಎದ್ದು ಇನ್ನೊಂದು ಸಲ ಹಾಡಿ ಮತ್ತೆ ಸಾಯ್ತಿದ್ದ!"

"ಎಲ್ಲ ಸರಿ ಮೇಷ್ಟ್ರೇ," ಅಂದರು ಅಕ್ಕ. "ತೀರ್ಥೋದ್ಭವದ ದಿನ ಊರಿಡೀ ತಲಕಾವೇರಿಯಲ್ಲಿ ಇರ್ತದೆ. ನಿಮ್ಮ ಕಾವೇರಿಯನ್ನು ನೋಡೋಕೆ ಯಾರಿರ್ತಾರೆ? ಕಾವೇರಿ ಪಾತ್ರ ಮಾಡುವವಳೇ ಅಲ್ಲಿಗೆ ಹೋಗಿರ್ತಾಳೆ."

ನವೆಂಬರ್, ಡಿಸೆಂಬರ್ ಕೇಳುವುದೇ ಬೇಡ. ಅರೇಬಿಕಾ ಕೊಯ್ಲು, ಪುತ್ತರಿ ಹಬ್ಬ, ಮತ್ತೆ ಅರೇಬಿಕಾ.

ತಾರೀಕಿನ ಕಥೆ ಹೀಗಾಯಿತು ಅಂತ ಮೈಕ್‌ಸೆಟ್ ತಮ್ಮ ಮಾತು ಬದಲಿಸಲು ನೋಡಿದ. "ನಾವೇ ಯಾಕೆ ಮಾಡಬೇಕು? ಹೊರಗಿನ ನಾಟಕ ಕರೆಸೋಣ. ನೀನಾಸಂ ತಿರುಗಾಟ 1985ರಿಂದ ಊರೂರು ಸುತ್ತುತ್ತಿದೆ. ಲೈಟು, ಸೆಟ್ಟು ಎಲ್ಲ ಅವರೇ ತರ್ತಾರೆ. ಇಲ್ಲದಿದ್ದರೆ ನಾವೇ ಮೈಸೂರಿಗೆ ಹೋಗೋಣ. ರಂಗಾಯಣದ ಬಹುರೂಪಿ ನಾಟಕೋತ್ಸವ ಇರ್ತದಲ್ಲ."

"ಹೋಗೋದು ಸುಲಭ, ಬರೋದು?" ಅಂದರು ಮಾವ. "ನಾಟಕ ಮುಗಿಸಿ ಹೊರಟರೆ ತಿತಿಮತಿ ಕಾಡು ಮುಟ್ಟುವಾಗ ನಡುರಾತ್ರಿ. ಅಲ್ಲಿ ಇನ್ನೊಂದು ಪ್ರದರ್ಶನ ಇರ್ತದೆ. ಆನೆ ರಸ್ತೆ ಮಧ್ಯೆ ನಿಂತಿರ್ತದೆ. ನಾವು ಕಾರಿನಲ್ಲಿ ಉಸಿರು ಬಿಗಿಹಿಡಿದು ನೋಡಬೇಕು. ಮಧ್ಯೆ ಎದ್ದು ಹೋಗುವ ಹಾಗಿಲ್ಲ."

ಇದಕ್ಕೆ ರೈಟ್ರು ಹೇಳಿದ ಮಾತು ನನಗೆ ಬಹಳ ಹಿಡಿಸಿತು. ಗುಬ್ಬಿ ವೀರಣ್ಣನವರ ಕಂಪನಿ ಕುರುಕ್ಷೇತ್ರ ನಾಟಕಕ್ಕೆ ನಿಜವಾದ ಆನೆ, ಕುದುರೆಗಳನ್ನೇ ರಂಗಕ್ಕೆ ತಂದಿತ್ತಂತೆ. ಎಷ್ಟು ಖರ್ಚಾಗಿರಬೇಕು! "ನಾವು ಇಲ್ಲಿ ಬಯಲಿನಲ್ಲಿ ಕುರುಕ್ಷೇತ್ರ ಹಾಕಿದರೆ ಆ ಖರ್ಚು ಉಳೀತದೆ. ಅವೇ ಬರ್ತವೆ. ಸ್ವಲ್ಪ ಹಲಸಿನ ಹಣ್ಣು ಇಟ್ಟರೆ ಟೈಮಿಗೆ ಸರಿಯಾಗಿ ಬರ್ತವೆ."

"ಹಲ್ಲಿನ ಡಾಕ್ಟರಿಗಿಂತ ಜಾಸ್ತಿ ಶಿಸ್ತು," ಅಂದ ತಮ್ಮ.

ಮೇಷ್ಟ್ರು ಬಿಡುವ ಪೈಕಿ ಅಲ್ಲ. ತಾರೀಕು ಆಮೇಲೆ, ಮೊದಲು ನಾಟಕ ಗಟ್ಟಿ ಮಾಡೋಣ ಅಂದರು. ಗಟ್ಟಿ ಮಾಡಲು ಹೊರಟ ಕೂಡಲೇ ಭಾಷೆಯ ಪ್ರಶ್ನೆ ಬಂತು. ಮಾವನಿಗೆ ಕೊಡವ ತಕ್ಕ್ ಬೇಕು. ತಮ್ಮನ ಮನೆಮಾತು ಅರೆಭಾಷೆ, ಅವನಿಗೆ ಅದೇ ಬೇಕು. ಅಕ್ಕ ಕನ್ನಡ ಅಂದರು. ರೈಟ್ರ ಮನೆಯಲ್ಲಿ ತುಳು. ಅಷ್ಟರಲ್ಲಿ ಕ್ಯಾಂಟೀನಿನ ಕಾಕ ಒಳಗಿಂದಲೇ, ಮಲಯಾಳದಲ್ಲಿ ಒಂದು ಪಾತ್ರವಾದರೂ ಇಡಿ, ನನ್ನ ಮನೆಯವರೆಲ್ಲ ಟಿಕೆಟ್ ತಗೊಳ್ತಾರೆ ಅಂದರು. ಕಾಕ ಹೇಳಿದ್ದು ಸರಿಯಾದ ವ್ಯಾಪಾರ. ರಾಜನಿಗೆ ಒಂದು ಭಾಷೆ, ರಾಣಿಗೆ ಒಂದು, ಸೈನ್ಯಕ್ಕೆ ಮೂರು ಇಟ್ಟರೆ ಐದು ಮನೆತನದ ನೆಂಟರೆಲ್ಲ ಬಂದು ಹಾಲ್ ತುಂಬುತ್ತದೆ. ಯಾರಿಗೂ ಕಥೆ ಪೂರ್ತಿ ಅರ್ಥವಾಗದಿದ್ದರೂ ನಮ್ಮ ಸಂತೆಯಲ್ಲಿ ದಿನವೂ ಹೀಗೇ ನಡೆಯುತ್ತದೆ, ಯಾರೂ ದೂರು ಕೊಟ್ಟಿಲ್ಲ.

"ವೇಷಕ್ಕೆ ಖರ್ಚಿಲ್ಲ," ಅಂದರು ಅಕ್ಕ. "ಕುಪ್ಯದ ನಿಲುವಂಗಿ, ಸೊಂಟಕ್ಕೆ ಸುತ್ತುವ ಚೇಲೆ, ಅದಕ್ಕೆ ಸಿಕ್ಕಿಸುವ ಪೀಚೆಕತ್ತಿ ಎಲ್ಲರ ಬೀರುವಿನಲ್ಲೂ ಇದೆ."

"ನನ್ನದು ಕೊಡ್ತೇನೆ," ಅಂದರು ಮಾವ. "ಆದರೆ ರಾಜ ಸಾಯುವ ದೃಶ್ಯದಲ್ಲಿ ಬೀಳಬಾರದು. ನಿಂತೇ ಸಾಯಲಿ. ಡ್ರೈಕ್ಲೀನ್ ಮಾಡಿಸಿ ಇಟ್ಟಿದ್ದೇನೆ."

"ಕೋವಿ ಬೇಕಾಗ್ತದೆ ಒಂದು ದೃಶ್ಯಕ್ಕೆ," ಅಂದರು ಮೇಷ್ಟ್ರು ಮೆಲ್ಲಗೆ.

ಮಾವ ಕುರ್ಚಿ ಹಿಂದೆ ತಳ್ಳಿ ಎದ್ದರು. "ಅದೊಂದು ಬೇಡ. ಹೋದ ಸಲ ನಿಮ್ಮ ನಟ ಕೋವಿಯನ್ನು ಗುದ್ದಲಿ ಹಿಡಿಯುವ ಹಾಗೆ ಹಿಡಿದಿದ್ದ. ಮುಂದಿನ ಸಾಲಿನಲ್ಲಿ ಐದು ಜನ ಮಾಜಿ ಸೈನಿಕರು ಕೂತಿದ್ದೆವು. ಒಬ್ಬರಾದರೂ ಕಥೆ ನೋಡಿದ್ದೇವಾ? ಅವನ ಬೆರಳು ಎಲ್ಲಿದೆ, ಭುಜ ಎಲ್ಲಿದೆ ಅಂತ ನೋಡಿದ್ದೇ ಆಯ್ತು." ಮಾವ ಅವತ್ತು ನಾಟಕದ ನಡುವೆಯೇ ರಂಗದ ಅಂಚಿಗೆ ಹೋಗಿ ಅವನಿಗೆ ಹಿಡಿಯಲು ಕಲಿಸಿದ್ದರು. ನಾಟಕದಲ್ಲಿ ಅತಿ ಹೆಚ್ಚು ಚಪ್ಪಾಳೆ ಬಿದ್ದದ್ದು ಅದಕ್ಕೇ. ನಾನು ಅದೇ ದೃಶ್ಯದಲ್ಲಿ ಹೆಣವಾಗಿ ಮಲಗಿದ್ದೆ. ನನಗೂ ನಗು ಬಂತು.

ಕೋವಿ ಬಿಟ್ಟು ಹಾಡಿಗೆ ಬಂದೆವು. ಹಾಡಿನ ನಾಟಕಕ್ಕೆ ವಾಲಗ ಇಡೋಣ ಅಂತ ತಮ್ಮ ಅಂದ. ಒಳ್ಳೆಯ ಯೋಚನೆಯೇ. ಆದರೆ ಕೊಡಗಿನಲ್ಲಿ ವಾಲಗ ಶುರುವಾದರೆ ಯಾವ ಪ್ರೇಕ್ಷಕ ಕುರ್ಚಿಯಲ್ಲಿ ಕೂರುತ್ತಾನೆ? ಮೊದಲ ಪೆಟ್ಟಿಗೇ ಮುಂದಿನ ಸಾಲು ಎದ್ದು ಕುಣಿಯುತ್ತದೆ. ಎರಡನೇ ಪೆಟ್ಟಿಗೆ ರಂಗದ ಮೇಲೆ ಬರುತ್ತದೆ. ಆಮೇಲೆ ರಾಜ ಯಾರು, ಮುಖ್ಯ ಅತಿಥಿ ಯಾರು ಗೊತ್ತಾಗುವುದಿಲ್ಲ.

ಮುಖ್ಯ ಅತಿಥಿ ಅನ್ನುವ ಮಾತು ಬಾಯಿಗೆ ಬಂದದ್ದೇ ತಡ, ಅಕ್ಕ ಕಿಡಿಯಾದರು. "ಅದನ್ನೇ ಹೇಳಬೇಕು ಅಂತಿದ್ದೆ. ನನ್ನ ಮಗಳ ಊರಿನಲ್ಲಿ ಏಳೂವರೆ ಅಂದರೆ ಏಳೂವರೆಗೆ ಪರದೆ ಏಳ್ತದೆ. ನಮ್ಮಲ್ಲಿ? ಸ್ವಾಗತ, ದೀಪ, ಪ್ರಾಸ್ತಾವಿಕ ಮಾತು, ಹಾರ, ಶಾಲು, ಹಣ್ಣಿನ ಬುಟ್ಟಿ. ಎರಡು ಮಾತು ಹೇಳ್ತೇನೆ ಅಂತ ಎದ್ದವರು ಇನ್ನೂರು ಮಾತು. ನಾಟಕ ಶುರುವಾಗುವಾಗ ಮಕ್ಕಳೆಲ್ಲ ಮಲಗಿರ್ತಾರೆ. ಕಡೆಯ ಬಸ್ಸು ಹೋಗಿರ್ತದೆ."

ಇದು ನಿಜವಾದ ರೋಗ. ಆದರೆ ಅತಿಥಿ ಇಲ್ಲದೆ ಹಣ ಹುಟ್ಟುವುದಿಲ್ಲ. ಅಮೆರಿಕದವರಿಗೆ ಟಿಕೆಟ್ಟಿನಿಂದ ಬರುತ್ತದೆ. ಅದರಲ್ಲೂ ಹೆಸರಾದ ಹಾಡಿನ ನಾಟಕ ಆಡಬೇಕಾದರೆ ಹಕ್ಕು ಇರುವವರಿಗೆ ಮೊದಲೇ ದುಡ್ಡು ಕಟ್ಟಿ ಅನುಮತಿ ತಗೋಬೇಕಂತೆ. ನಮ್ಮಲ್ಲಿ ಟಿಕೆಟ್ ಅಂದರೆ, "ಏನು ಮೇಷ್ಟ್ರೇ, ನಮ್ಮ ಹತ್ತಿರವೂ ದುಡ್ಡಾ?" ಅಂತ ಬೇಜಾರು ಮಾಡಿಕೊಳ್ಳುತ್ತಾರೆ.

ಚೆಕ್‌ರೋಲ್ ಪುಸ್ತಕದಲ್ಲಿ ಈಗ ಹೆಚ್ಚಿನ ತಿಂಗಳಿಗೆಲ್ಲ ಗೀಟು ಬಿದ್ದಿತ್ತು. ಉಳಿದದ್ದು ಜೂನ್‌ನಿಂದ ಸೆಪ್ಟೆಂಬರ್. ಹೊರಗೆ ಮಳೆ ಹೊಯ್ಯುತ್ತಿತ್ತು, ಶೀಟಿನ ಸದ್ದಿಗೆ ನಾವೆಲ್ಲ ಕೂಗಿಕೊಂಡೇ ಮಾತಾಡುತ್ತಿದ್ದೆವು. ಸೆಪ್ಟೆಂಬರ್ 3 ಆಯುಧ ಪೂಜೆಯ ಹಬ್ಬ ಕೈಲ್‌ಪೊಳ್ದ್ ಅಂತ ಮಾವ ಆ ತಿಂಗಳನ್ನೂ ತೆಗೆದರು. ಹಬ್ಬ ಮುಗಿದ ಮೇಲೆ ಒಂದು ವಾರ ನೆಂಟರ ಮನೆ, ಪಂದಿ ಕರಿ, ನಿದ್ದೆ.

ಆಗ ಅಕ್ಕ ಕೇಳಿದರು. "ಕಕ್ಕಡ?"

ಎಲ್ಲರೂ ಸುಮ್ಮನಾದರು. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ನಮ್ಮ ಮಳೆ ತಿಂಗಳು. ಮದುವೆ ಇಲ್ಲ. ಹಾಲ್ ಖಾಲಿ. ಬಾಕ್ಸುಗಳೆಲ್ಲ ತಮ್ಮನ ಮನೆಯಲ್ಲೇ ಬೂಷ್ಟು ಹಿಡಿಯುತ್ತಿರುತ್ತವೆ. ಕುಪ್ಯ ಬೀರುವಿನಲ್ಲಿ. ಹಾಕಿ ಇಲ್ಲ, ಕೊಯ್ಲಿಲ್ಲ.

"ಗದ್ದೆ ನಾಟಿ?" ಅಂದೆ ನಾನು.

"ಗದ್ದೆ ಮಾಡುವವರು ಈಗ ಎಷ್ಟು ಜನ ಉಳಿದಿದ್ದಾರೆ?" ಅಂದರು ರೈಟ್ರು. ಅದಕ್ಕೆ ಯಾರೂ ಏನೂ ಹೇಳಲಿಲ್ಲ.

"ಆದರೆ ಮಳೆ ಸದ್ದಿಗೆ ಡೈಲಾಗ್ ಕೇಳಿಸಲ್ಲ," ಅಂದ ತಮ್ಮ. "ಕರೆಂಟೂ ಹೋಗ್ತದೆ, ಮೈಕ್ ನಂಬಬೇಡಿ."

ಮೇಷ್ಟ್ರ ಮುಖ ಅರಳಿತು. "ಅದಕ್ಕೇ ಹಾಡಿನ ನಾಟಕ! ಮಾತು ಕೇಳಿಸದಿದ್ದರೆ ಬೇಡ. ದುಡಿ, ಕೊಂಬು, ವಾಲಗ ಮಳೆಗಿಂತ ಮೇಲೆ ಕೇಳಿಸ್ತವೆ. ಭಾಷೆಯ ಜಗಳವೂ ಮುಗೀತು. ಜನ ಎದ್ದು ಕುಣಿದರೆ ಕುಣಿಯಲಿ, ಚಳಿಯಾದರೂ ಬಿಡ್ತದೆ." ಕಕ್ಕಡ 18, ಆಗಸ್ಟ್ 3 ಅಂತ ದಪ್ಪಗೆ ಬರೆದು ಸುತ್ತ ಗೆರೆ ಎಳೆದರು. ನಾಲ್ಕು ನಾಟಕದ ಸೀಸನ್ ಒಂದಕ್ಕೆ ಇಳಿದಿತ್ತು. ಆದರೂ ಕರಪತ್ರದಲ್ಲಿ ಸೀಸನ್ ಅಂತಲೇ ಹಾಕಬೇಕು ಅಂದರು.

"ಅವತ್ತು ಎಲ್ಲರ ಮನೆಯಲ್ಲೂ ಮದ್ದುಪಾಯಸ," ಅಂದರು ಅಕ್ಕ. "ಬಂದವರಿಗೆಲ್ಲ ನಾವೂ ಕೊಡೋಣ."

ಇಲ್ಲಿ ತಮ್ಮನಿಗೆ ಒಂದು ಅನುಮಾನ ಬಂತು. ಮದ್ದುಸೊಪ್ಪಿನ ಪಾಯಸ ತಿಂದರೆ ಆಮೇಲೆ ಮೂತ್ರ ಕೆಂಪಗಾಗುತ್ತದೆ. ನಮಗೆ ಅದು ಮಾಮೂಲಿ. "ಮುಖ್ಯ ಅತಿಥಿಗಳು ಹೊರಜಿಲ್ಲೆಯವರಾದರೆ? ಗೊತ್ತಿಲ್ಲದೆ ತಿಂದು, ಬಾತ್‌ರೂಮಿಗೆ ಹೋಗಿ, ಹೆದರಿ ಆಸ್ಪತ್ರೆಗೆ ಓಡಿದರೆ?"

"ಓಡಲಿ," ಅಂದರು ಅಕ್ಕ. "ಭಾಷಣ ಉಳೀತದೆ."

ರೈಟ್ರು ಪುಸ್ತಕ ವಾಪಸ್ ತಗೊಂಡು, ತಾರೀಕಿನ ಕೆಳಗೆ ಸೇರಿಸಿದರು: ಅತಿಥಿಗಳನ್ನು ಮಧ್ಯಾಹ್ನದ ಊಟಕ್ಕೇ ಕರೆಯುವುದು. ಪಾಯಸ ಎರಡು ಬಟ್ಟಲು.