ಅಪ್‌ಡೇಟ್: ಮಳೆಗಾಲದಲ್ಲಿ ಮುಗ್ಗಲು ವಾಸನೆ ಬರುತ್ತಿದ್ದ ಡ್ರೆಡ್‌ಲಾಕ್ಸ್

ಎರಡು ವರ್ಷ ತುಂಬಿದ ನನ್ನ ಡ್ರೆಡ್‌ಲಾಕ್ಸ್ (ಹಗ್ಗದಂತೆ ಗಂಟುಗಟ್ಟಿಸಿದ ಕೂದಲಿನ ಜಟೆಗಳು) ಮಂಗಳೂರಿನ ಮಳೆಗಾಲದಲ್ಲಿ ಮುಗ್ಗಲು ವಾಸನೆ ಬೀರುತ್ತಿದೆ, ಕಿವಿಯ ಮೇಲ್ಭಾಗದ ಬುಡಗಳು ತೆಳುವಾಗುತ್ತಿವೆ ಎಂದು ಜುಲೈ ತಿಂಗಳಲ್ಲಿ ಇಲ್ಲಿ ಕೇಳಿದ್ದೆ. ಸಲಹೆ ನೀಡಿದವರೆಲ್ಲರಿಗೂ ಕೃತಜ್ಞತೆಗಳು.

ತಪ್ಪು ಶಾಂಪೂವಿನದಲ್ಲ, ಒಣಗಿಸುವ ಕ್ರಮದ್ದೇ ಆಗಿತ್ತು. ಜಟೆ ಬಲಿತಂತೆ ಅದರ ಒಳತಿರುಳು ಗಟ್ಟಿಯಾಗಿ ನೀರನ್ನು ಹಿಡಿದಿಟ್ಟುಕೊಳ್ಳುವುದರಿಂದ, ಮೇಲ್ಮೈ ಒಣಗಿದಂತೆ ಕಂಡರೂ ಒಳಗೆ ತೇವ ಉಳಿದಿರುತ್ತಿತ್ತು. ಆ ತೇವದಲ್ಲೇ ನಾನು ರಾತ್ರಿ ಮಲಗುತ್ತಿದ್ದೆ. ಈಗ ವಾರಕ್ಕೊಮ್ಮೆ ಬೆಳಿಗ್ಗೆಯೇ ತೊಳೆದು, ಒಂದೊಂದನ್ನೂ ಬೈರಾಸಿನಲ್ಲಿ ಸುತ್ತಿ ಹಿಂಡಿ, ಫ್ಯಾನಿನ ಕೆಳಗೆ ಕುಳಿತು ಡ್ರೈಯರಿನ ತಣ್ಣನೆಯ ಗಾಳಿಯಲ್ಲಿ ಪೂರ್ತಿ ಒಣಗಿಸುತ್ತೇನೆ. ಜಟೆಗೆ ಹಚ್ಚುತ್ತಿದ್ದ, ತೊಳೆದರೂ ಬಿಡದೆ ಧೂಳನ್ನು ಹಿಡಿಯುತ್ತಿದ್ದ ಮೇಣವನ್ನು ಕೈಬಿಟ್ಟಿದ್ದೇನೆ. ಅಜ್ಜಿಯ ಒತ್ತಾಯಕ್ಕೆ ಕೊಬ್ಬರಿ ಎಣ್ಣೆ ಮಾತ್ರ ಉಳಿದಿದೆ, ಅದೂ ನೆತ್ತಿಗೆ ನಾಲ್ಕೇ ಹನಿ.

ಬುಡ ತೆಳುವಾಗಲು ಪ್ರತಿ ವಾರ ಜಟೆಗಳನ್ನು ಬುಡದಲ್ಲಿ ಬಿಗಿಯಾಗಿ ತಿರುಚಿ, ಮೇಲೆತ್ತಿ ಗಂಟು ಕಟ್ಟುತ್ತಿದ್ದುದೇ ಕಾರಣವೆಂದು ಚರ್ಮವೈದ್ಯರು ಹೇಳಿದರು. ಈಗ ಎಂಟು ವಾರಗಳಿಗೊಮ್ಮೆ ಮಾತ್ರ ತಿರುಚುತ್ತೇನೆ. ಬುಡಗಳು ಕೊಂಚ ಕೆದರಿ ಕಾಣುತ್ತವೆ, ಅದಕ್ಕೆ ಬೇಸರವಿಲ್ಲ. ಹಣೆಯಂಚಿನಲ್ಲಿ ಸಣ್ಣ ಕೂದಲು ಮರಳಿ ಮೂಡಿದೆ. ತೀರಾ ಸಣಕಲಾಗಿದ್ದ ಎರಡು ಜಟೆಗಳನ್ನು ಪಕ್ಕದವುಗಳೊಂದಿಗೆ ಕೂಡಿಸಿದ್ದೇನೆ.