ಅಜ್ಜಿ ಸತ್ತಾಗಲೂ ಅಳದ ಹುಡುಗ: ಓದುಗರ ಸ್ಪಂದನ

ಕಳೆದ ಸಂಚಿಕೆಯಲ್ಲಿ ದಾವಣಗೆರೆಯ ತಾಯಿಯೊಬ್ಬರು ಬರೆದಿದ್ದರು: ಹದಿನೈದರ ಮಗ ರಾತ್ರಿ ಎರಡರವರೆಗೆ ಎಚ್ಚರ, ಬೆಳಿಗ್ಗೆ ಐದೂವರೆಗೆ ಟ್ಯೂಷನ್. ಅಜ್ಜಿ ತೀರಿಕೊಂಡ ದಿನ ಕಣ್ಣಲ್ಲಿ ಹನಿ ನೀರಿಲ್ಲ. ತಂಗಿ ಬಿದ್ದರೆ ನಕ್ಕ. ನಿದ್ದೆಗೆಟ್ಟು ಹೀಗಾದನೋ, ಹುಟ್ಟಿದ್ದೇ ಕಲ್ಲಾಗಿಯೋ? ಬಂದ ಪತ್ರಗಳಲ್ಲಿ ಹೆಚ್ಚಿನವು ಫೋನಿನ ಮೇಲೆ ಹರಿಹಾಯ್ದಿವೆ. ಅಂಥದ್ದೊಂದು ಸಾಕು.

ಫೋನ್ ಕೊಡಿಸಿದವ್ರು ಯಾರ್ರೀ? ನೀವ. ಈಗ ಹುಡುಗ ಕೆಟ್ಟ ಅಂದ್ರ ಹ್ಯಾಂಗ?
– ನಿವೃತ್ತ ಕಂಡಕ್ಟರ್, ಹುಬ್ಬಳ್ಳಿ

ಮುಂದಿನ ಪತ್ರ ಉದ್ದ. ಕತ್ತರಿಸಲು ಮನಸ್ಸಾಗಲಿಲ್ಲ.

1996ರಲ್ಲಿ ನಾನು ಹಾಸ್ಟೆಲಿನಲ್ಲಿದ್ದು ಎಸ್ಸೆಸ್ಸೆಲ್ಸಿ ಓದುತ್ತಿದ್ದೆ. ನಾಲ್ಕೂವರೆಗೆ ಎಬ್ಬಿಸುವ ಗಂಟೆ. ಹತ್ತಕ್ಕೇ ದೀಪ ಆರಿಸಿದರೂ ನನಗೆ ಒಂದರವರೆಗೆ ನಿದ್ದೆ ಹತ್ತುತ್ತಿರಲಿಲ್ಲ. ಆಗ ಯಾವ ಫೋನೂ ಇರಲಿಲ್ಲ. ಜನವರಿಯಲ್ಲಿ ಅಪ್ಪ ಹೋದರು. ಬಸ್ಸಿನುದ್ದಕ್ಕೂ ನಿದ್ದೆ ಮಾಡಿದೆ. ಅಂಗಳದಲ್ಲಿ ಅಪ್ಪನನ್ನು ಮಲಗಿಸಿದ್ದರು, ನಾನು ಕಂಬಕ್ಕೊರಗಿ ತೂಕಡಿಸಿದೆ. “ಇವನದು ಎದೆಯಲ್ಲ, ಬೀಸೋ ಕಲ್ಲು” ಎಂದರು ಸೋದರತ್ತೆ. ಅಮ್ಮ ಏನೂ ಅನ್ನಲಿಲ್ಲ. ಆದರೆ ಆಮೇಲೆ ನನ್ನೆದುರು ಅಪ್ಪನ ಮಾತನ್ನೇ ಎತ್ತಲಿಲ್ಲ. ತಿಥಿಯೂಟ ಮುಗಿದ ಮೇಲೆ ಮಲಗಿದವನು ಹದಿನಾಲ್ಕು ಗಂಟೆ ಏಳಲಿಲ್ಲ. ಎದ್ದು ಅಟ್ಟ ಹತ್ತಿದರೆ ಅಪ್ಪ ಗದ್ದೆಗೆ ನೀರು ಕಟ್ಟಲು ಒಯ್ಯುತ್ತಿದ್ದ ಟಾರ್ಚು. ಅಳು ಒತ್ತರಿಸಿ ಬಂತು. ನೋಡಲು ಯಾರೂ ಇರಲಿಲ್ಲ. ಅಮ್ಮ 2019ರಲ್ಲಿ ತೀರಿಕೊಂಡಳು. ಟಾರ್ಚಿನ ಸುದ್ದಿ ಅವಳಿಗೆ ಹೇಳಲೇ ಇಲ್ಲ.
– ಬ್ಯಾಂಕ್ ನೌಕರ, ಹಾಸನ

ವೈದ್ಯರೊಬ್ಬರು ಮೈಸೂರಿನಿಂದ:

ಹರೆಯದಲ್ಲಿ ನಿದ್ದೆ ತರುವ ಮೆಲಟೊನಿನ್ ಹೊರಡುವ ಹೊತ್ತೇ ತಡವಾಗುತ್ತದೆ. ಈ ವಯಸ್ಸಿಗೆ 8ರಿಂದ 10 ಗಂಟೆ ನಿದ್ದೆ ಬೇಕು. ನಿಮ್ಮ ಮಗನಿಗೆ ಸಿಗುತ್ತಿರುವುದು ಮೂರು. ಕ್ಯಾಲಿಫೋರ್ನಿಯಾದಲ್ಲಿ 2022ರಿಂದ ಬಹುತೇಕ ಹೈಸ್ಕೂಲುಗಳು 8.30ಕ್ಕೆ ಮೊದಲು ಶುರುವಾಗುವಂತಿಲ್ಲ. ನಿದ್ದೆಗೆಟ್ಟರೆ ಸಿಡುಕು, ದುಡುಕು ಹೆಚ್ಚುತ್ತವೆ. ಮರುಕವೇ ಇಲ್ಲದ ಸ್ವಭಾವ ಬೇರೆ. ಅಂಥವರ ನಿದ್ದೆ ಕೆಟ್ಟಿರಲೇಬೇಕೆಂದಿಲ್ಲ. ಅದನ್ನು ಗುರುತಿಸಲು, ಮನೋವೈದ್ಯರ ಕೈಪಿಡಿ ಡಿಎಸ್‌ಎಂ–5ರ ಪ್ರಕಾರ, ಲಕ್ಷಣಗಳು ಕನಿಷ್ಠ 12 ತಿಂಗಳು, ಮನೆಯ ಒಳಗೂ ಹೊರಗೂ ಕಾಣಬೇಕು. ಒಂದು ಸಾವು, ಒಂದು ನಗು ಸಾಲದು.

ಮನೆಮದ್ದಿನವರೂ ಇದ್ದಾರೆ:

ಅಂಗಾಲಿಗೆ ಹರಳೆಣ್ಣೆ ತಿಕ್ಕಿ. ಅಂದ ಹಾಗೆ, ಅಜ್ಜಿ ಅಂದರೆ ನಿಮ್ಮ ಅಮ್ಮನೋ, ಅತ್ತೆಯೋ? ನೀವು ಅತ್ತಿರೋ? ಅದನ್ನು ಬರೆದೇ ಇಲ್ಲ.
– ಎಪ್ಪತ್ತೆರಡರ ಅಜ್ಜಿ, ತೀರ್ಥಹಳ್ಳಿ

ಓದುಗರಲ್ಲೇ ಅತಿ ಕಿರಿಯಳ ಮಾತು ಕೊನೆಗೆ ಇಟ್ಟಿದ್ದೇವೆ.

ಆಂಟಿ, ಅವನನ್ನೇ ಕೇಳಿದ್ರಾ? ನಾನೂ ಹತ್ತನೇ ಕ್ಲಾಸು. ನಮ್ಮನೇಲಿ ಎಲ್ಲರೂ ಮಲಗಿದ ಮೇಲೇನೇ ಯಾರೂ ಮಾರ್ಕ್ಸ್ ಕೇಳಲ್ಲ. ಅದಕ್ಕೇ ಎದ್ದಿರ್ತೀನಿ.
– ತುಮಕೂರು

ದಾವಣಗೆರೆಯಿಂದ ಈ ವಾರ ಒಂದು ಕಾರ್ಡು ಬಂದಿದೆ: “ಟ್ಯೂಷನ್ ಸಂಜೆಗೆ ಹಾಕಿಸಿದ್ದೇವೆ. ಭಾನುವಾರ ಹನ್ನೊಂದರವರೆಗೆ ಮಲಗಿದ್ದ. ಎಬ್ಬಿಸಲಿಲ್ಲ.”